ರಜಸ್ಸೂತಕವೂ ಯೋಗಸಾಧನೆಯೂ



ಯೋಗ ಎಂದರೆ ಕೂಡುವುದು. ಸೂತಕ ಎಂಬುದು ಹೆರುವುದೆಂಬ ಅರ್ಥದ ಧಾತುವಿನಿಂದ ಬಂದ ಶಬ್ದವಾದರೂ, ಲೋಕದ ಬಳಕೆಯಲ್ಲಿ ಅದರ ಅರ್ಥ ಅಗಲಿಸುವುದು, ದೂರವಿಡುವುದು ಎಂದೇ ಆಗಿಬಿಟ್ಟಿದೆ. ಕೂಡಿಸುವ ಸಾಧನೆಯೊಂದು, ಅಗಲಿಸುವ ಕಟ್ಟಳೆಯೊಂದು. ಇವೆರಡೂ ಹೆಣ್ಣುಮಗಳ ಜೀವನದಲ್ಲಿ ತಿಂಗಳಿಗೊಮ್ಮೆ ಎದುರುಬದುರಾಗಿ ನಿಲ್ಲುತ್ತವೆ. ಮುಟ್ಟಿನ ದಿನಗಳಲ್ಲಿ ಯೋಗಾಭ್ಯಾಸ ಮಾಡಬಹುದೇ, ಬಾರದೇ? ಧ್ಯಾನಕ್ಕೆ ಕೂಡಬಹುದೇ? ಲಿಂಗಪೂಜೆಯನ್ನು ಬಿಡಬೇಕೇ? ಮಠಕ್ಕೆ ಬರುವ ತಾಯಂದಿರು ಈ ಪ್ರಶ್ನೆಯನ್ನು ಮೆಲುದನಿಯಲ್ಲಿ ಕೇಳುತ್ತಾರೆ. ಎಷ್ಟೋ ಜನ ಕೇಳದೆಯೇ ಬಿಟ್ಟುಬಿಡುತ್ತಾರೆ. ಕೇಳಬಾರದ ಪ್ರಶ್ನೆ ಇದಲ್ಲ. ಶಾಸ್ತ್ರಗಳು ಸಂಕೋಚವಿಲ್ಲದೆ ಮಾತನಾಡಿದ ವಿಷಯಕ್ಕೆ ನಾವು ನಾಚಿ ಬಾಯಿ ಮುಚ್ಚಿಕೊಳ್ಳಬೇಕಾದ ಕಾರಣವಿಲ್ಲ. ಆದಕಾರಣ ಈ ನಿಷೇಧ ಎಲ್ಲಿಂದ ಬಂದಿತು, ಹೇಗೆ ಹೇಗೆ ರೂಪ ಬದಲಿಸಿತು ಎಂಬುದನ್ನು ಇಂದು ಕ್ರಮವಾಗಿ ವಿಚಾರ ಮಾಡೋಣ.

ಮೊದಲು ಶಬ್ದಗಳನ್ನೇ ನೋಡಿರಿ. ಸಂಸ್ಕೃತದಲ್ಲಿ ರಜಸ್ಸೆಂದರೆ ಧೂಳೂ ಹೌದು, ಹೂವಿನ ಪರಾಗವೂ ಹೌದು. ಋತುಮತಿಯಾದವಳನ್ನು ಪುಷ್ಪವತಿ ಎಂದು ಕರೆದರು. ಹೂ ಬಿಡದ ಗಿಡ ಕಾಯಿ ಕಟ್ಟುವುದಿಲ್ಲವೆಂಬ ತಿಳಿವು ಆ ಹೆಸರಿನಲ್ಲಿಯೇ ಇದೆ. ನಮ್ಮ ಕನ್ನಡದಲ್ಲಿ ಮುಟ್ಟು ಎನ್ನುತ್ತಾರೆ, ಹೊರಗಾಗಿದ್ದಾಳೆ ಎನ್ನುತ್ತಾರೆ, ಕಡೆಗಾಗಿದ್ದಾಳೆ ಎನ್ನುತ್ತಾರೆ. ಸಂಸ್ಕೃತದ ಹೆಸರು ಹೂವನ್ನು ನೆನೆದರೆ, ಕನ್ನಡದ ಈ ಮಾತುಗಳು ಅವಳು ಕುಳಿತ ಜಾಗವನ್ನು ತೋರಿಸುತ್ತವೆ. ಇದಕ್ಕೂ ಹಳೆಯದಾದ ಕನ್ನಡ ಶಬ್ದವೊಂದಿದೆ. ಅದು ಹೊಲೆ. ಮುಟ್ಟಿನ ಮೈಲಿಗೆ, ಹೆರಿಗೆಯ ಮೈಲಿಗೆ, ಸಾವಿನ ಮೈಲಿಗೆ ಎಲ್ಲಕ್ಕೂ ಇದೇ ಶಬ್ದ. ಯಾವ ಶಬ್ದದಿಂದ ತಾಯಿಯನ್ನು ಮೂರು ದಿನ ಹೊರಗಿಟ್ಟರೋ ಅದೇ ಶಬ್ದವನ್ನು ಒಂದು ಜನಸಮುದಾಯಕ್ಕೆ ಹಚ್ಚಿ ಅವರನ್ನು ಜನ್ಮಪೂರ್ತಿ ಹೊರಗಿಟ್ಟರು. ಈ ಎರಡಕ್ಕೂ ಬೇರು ಒಂದೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶರಣರ ಮಾತಿಗೆ ಬಂದಾಗ ಇದು ನಮಗೆ ಬೇಕಾಗುತ್ತದೆ.

ಇನ್ನು ನಿಷೇಧದ ಮೂಲ. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿ ಒಂದು ಕಥೆ ಬರುತ್ತದೆ. ತ್ವಷ್ಟೃವಿನ ಮಗನಾದ ವಿಶ್ವರೂಪನೆಂಬವನು ದೇವತೆಗಳ ಪುರೋಹಿತ. ಅವನಿಗೆ ಮೂರು ತಲೆ. ಇಂದ್ರನು ಅವನನ್ನು ಕೊಂದ. ಬ್ರಹ್ಮಹತ್ಯೆ ಬೆನ್ನು ಹತ್ತಿತು. ಒಂದು ವರ್ಷ ಅದನ್ನು ಹೊತ್ತು ತಿರುಗಿದ ಇಂದ್ರನು ಕೊನೆಗೆ ಅದನ್ನು ಮೂರು ಪಾಲು ಮಾಡಿ ಭೂಮಿಗೊಂದು, ಮರಗಳಿಗೊಂದು, ಸ್ತ್ರೀಯರಿಗೊಂದು ಹಂಚಿದ. ಭೂಮಿಯಲ್ಲಿ ಅದು ಬಿರುಕಾಯಿತು, ಮರದಲ್ಲಿ ಅಂಟಾಯಿತು, ಸ್ತ್ರೀಯಲ್ಲಿ ರಜಸ್ಸಾಯಿತು. ಪ್ರತಿಯಾಗಿ ಮೂವರಿಗೂ ವರ ದೊರೆಯಿತು. ಭೂಮಿಯನ್ನು ಅಗೆದರೆ ವರ್ಷದೊಳಗೆ ತುಂಬಿಕೊಳ್ಳುವುದು, ಮರವನ್ನು ಕಡಿದರೆ ಮತ್ತೆ ಚಿಗುರುವುದು, ಸ್ತ್ರೀಗೆ ಋತುವಿನಿಂದ ಸಂತಾನವಾಗುವುದು. ಮುಂದೆ ಅಲ್ಲಿಯೇ ರಜಸ್ವಲೆಯು ಮೂರು ರಾತ್ರಿ ಸ್ನಾನ ಮಾಡಬಾರದು, ಎಣ್ಣೆ ಹಚ್ಚಬಾರದು, ತಲೆ ಬಾಚಬಾರದು, ಕಾಡಿಗೆ ಇಡಬಾರದು, ಉಗುರು ಕತ್ತರಿಸಬಾರದು, ನೂಲಬಾರದು ಎಂಬ ಕಟ್ಟಳೆಗಳು ಬರುತ್ತವೆ. ಮಾಡಿದರೆ ಮುಂದೆ ಹುಟ್ಟುವ ಮಗುವಿಗೆ ಇಂಥಿಂಥ ದೋಷವೆಂದು ಒಂದೊಂದಕ್ಕೂ ಫಲ ಹೇಳಿದೆ.

ಇಲ್ಲಿ ಎರಡು ಅಂಶ ಗಮನಿಸತಕ್ಕವು. ಒಂದನೆಯದು, ಕೊಲೆ ಮಾಡಿದವನು ಇಂದ್ರ. ಅವನು ತೊಳೆದುಕೊಂಡು ಸ್ವರ್ಗದ ಸಿಂಹಾಸನದಲ್ಲಿ ಕುಳಿತ; ಮಾಡದವಳು ತಿಂಗಳು ತಿಂಗಳೂ ಮೂಲೆಯಲ್ಲಿ ಕುಳಿತಳು. ಎರಡನೆಯದು ಇನ್ನೂ ವಿಚಾರಾರ್ಹ. ಬಿರುಕು ಬಿಟ್ಟ ನೆಲದಲ್ಲಿ ನೆಲೆಸಬಾರದು, ಮರದ ಕೆಂಪು ಅಂಟನ್ನು ತಿನ್ನಬಾರದು ಎಂದೂ ಅದೇ ಪ್ರಕರಣದಲ್ಲಿ ಹೇಳಿದೆ. ಆ ಎರಡು ಕಟ್ಟಳೆಗಳನ್ನು ಇಂದು ಯಾರು ಪಾಲಿಸುತ್ತಾರೆ? ಬೇಸಿಗೆಯಲ್ಲಿ ನಮ್ಮ ಎರೆಹೊಲ ಮೊಳಕೈ ಉದ್ದ ಬಿರಿಯುತ್ತದೆ. ಅದನ್ನು ಮೈಲಿಗೆಯೆಂದು ಬಿಟ್ಟ ಒಕ್ಕಲಿಗನಿಲ್ಲ. ಮರದ ಅಂಟಿನಿಂದ ಉಂಡೆ ಕಟ್ಟಿ ನಾವು ಬಾಣಂತಿಗೇ ತಿನ್ನಿಸುತ್ತೇವೆ. ಮೂರು ಪಾಲಿನಲ್ಲಿ ಎರಡನ್ನು ಲೋಕವು ಮರೆತಿತು. ಹೆಣ್ಣಿನ ಪಾಲನ್ನು ಮಾತ್ರ ಮರೆಯಲಿಲ್ಲ.

ಧರ್ಮಶಾಸ್ತ್ರಗಳೂ ಒಂದೇ ಮಾತು ಹೇಳುವುದಿಲ್ಲ. ವಾಸಿಷ್ಠ ಧರ್ಮಸೂತ್ರವು ಐದನೆಯ ಅಧ್ಯಾಯದಲ್ಲಿ ಮೇಲಿನ ಇಂದ್ರನ ಕಥೆಯನ್ನೇ ಎತ್ತಿಕೊಂಡು ಮೂರು ರಾತ್ರಿಯ ಅಶೌಚ ವಿಧಿಸುತ್ತದೆ. ಅದೇ ಗ್ರಂಥವು ಇಪ್ಪತ್ತೆಂಟನೆಯ ಅಧ್ಯಾಯದಲ್ಲಿ, ತಿಂಗಳು ತಿಂಗಳೂ ಬರುವ ರಜಸ್ಸು ಸ್ತ್ರೀಯ ದೋಷವನ್ನು ಕಳೆಯುತ್ತದೆಂಬ ಅಭಿಪ್ರಾಯವನ್ನು ಹೇಳುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ರಜಸ್ಸನ್ನು ಶುದ್ಧಿಸಾಧನಗಳ ಸಾಲಿನಲ್ಲಿ ಸೇರಿಸಿದೆ. ತೊಳೆಯುವ ವಸ್ತುವೇ ಮೈಲಿಗೆಯಾಗುವುದೆಂತು? ಒಂದೇ ಗ್ರಂಥ ಎರಡೂ ಹೇಳಿದಾಗ ಸಮಾಜವು ತನಗೆ ಬೇಕಾದ ಮಾತನ್ನು ಆರಿಸಿಕೊಂಡಿತು, ಅಷ್ಟೆ.

ಆಯುರ್ವೇದದ ಮಾರ್ಗ ಬೇರೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ರಜಸ್ವಲಾಚರ್ಯೆ ಹೇಳಿದೆ. ಹಗಲು ನಿದ್ರೆ, ಅಂಜನ, ಅಳು, ಸ್ನಾನ, ಅಭ್ಯಂಗ, ಓಟ, ಅತಿ ನಗೆ, ಅತಿ ಮಾತು, ಗಾಳಿ, ಆಯಾಸ ಇವುಗಳನ್ನು ಬಿಡಬೇಕೆಂದೂ, ದರ್ಭೆಯ ಹಾಸಿಗೆಯಲ್ಲಿ ಮಲಗಿ ಹಗುರ ಆಹಾರ ತೆಗೆದುಕೊಳ್ಳಬೇಕೆಂದೂ ವಿಧಾನ. ಶುದ್ಧವಾದ ಆರ್ತವದ ಬಣ್ಣ ಅರಗಿನ ರಸದಂತಿರುತ್ತದೆ, ಬಟ್ಟೆಗೆ ಕಲೆ ನಿಲ್ಲಿಸುವುದಿಲ್ಲ ಎಂದು ಸುಶ್ರುತನು ಪರೀಕ್ಷೆಯನ್ನೂ ಕೊಡುತ್ತಾನೆ. ಹನ್ನೆರಡು ವರ್ಷಕ್ಕೆ ಆರಂಭವಾಗಿ ಐವತ್ತಕ್ಕೆ ನಿಲ್ಲುತ್ತದೆ ಎಂದು ವಯಸ್ಸನ್ನೂ ಹೇಳುತ್ತಾನೆ. ಪಾಪಿಯನ್ನು ನೋಡುವ ಕಣ್ಣು ಇದಲ್ಲ, ಇದು ವೈದ್ಯನ ಕಣ್ಣು. ಆದರೆ ಈ ಚರ್ಯೆಯನ್ನು ಹೇಳಿರುವ ಸಂದರ್ಭವನ್ನು ಮರೆಯಬಾರದು. ಸಂತಾನವನ್ನು ಬಯಸಿ ನಾಲ್ಕನೆಯ ದಿನ ಸ್ನಾನ ಮಾಡಿ ಪತಿಯನ್ನು ಕಾಣುವ ಗೃಹಿಣಿಗೆ ಹೇಳಿದ ಪಥ್ಯ ಅದು. ತಪ್ಪಿದರೆ ಬರುವ ದೋಷವೂ ಗರ್ಭಕ್ಕೇ ಎಂದು ಹೇಳಿದೆ. ಅದನ್ನು ಶಾಲೆಗೆ ಹೋಗುವ ಹುಡುಗಿಯ ಮೇಲೆ ಹೇರಿ, ಸ್ನಾನವೂ ಬೇಡವೆಂದು ಮೂಲೆಗೆ ಕೂಡಿಸುವುದು ಶಾಸ್ತ್ರವೂ ಅಲ್ಲ, ವೈದ್ಯವೂ ಅಲ್ಲ. ಸುಶ್ರುತನಿಂದ ನಾವು ಉಳಿಸಿಕೊಳ್ಳಬೇಕಾದ ಮಾತು ಒಂದೇ: ಅತಿ ಆಯಾಸ ಬೇಡ.

ಇನ್ನು ಯೋಗಶಾಸ್ತ್ರ. ಪತಂಜಲಿ ಮಹರ್ಷಿಗಳು ಆಸನಕ್ಕೆ ಮೀಸಲಿಟ್ಟದ್ದು ಮೂರೇ ಸೂತ್ರ. ಸ್ಥಿರತೆ ಇರಬೇಕು, ಸುಖ ಇರಬೇಕು ಎಂಬುದು ಅವರ ಲಕ್ಷಣ. ನಿಯಮಗಳಲ್ಲಿ ಶೌಚವನ್ನು ಹೇಳಿದ್ದಾರೆ. ಅದನ್ನೇ ಹಿಡಿದುಕೊಂಡು, ರಜಸ್ವಲೆಗೆ ಶೌಚವಿಲ್ಲ, ಆದಕಾರಣ ಯೋಗವಿಲ್ಲ ಎಂದು ವಾದಿಸುವವರುಂಟು. ಆದರೆ ವ್ಯಾಸಭಾಷ್ಯವನ್ನು ಬಿಡಿಸಿ ನೋಡಿರಿ. ದೇಹವು ಹುಟ್ಟಿದ ಸ್ಥಾನದಿಂದ, ಬೀಜದಿಂದ, ಸ್ರವಿಸುವಿಕೆಯಿಂದ ಸ್ವಭಾವತಃ ಅಶುಚಿ ಎಂದು ಅಲ್ಲಿ ಹೇಳಿದೆ. ಆ ಮಾತು ಸ್ತ್ರೀದೇಹಕ್ಕೆ ಮಾತ್ರ ಹೇಳಿದ್ದಲ್ಲ. ಗಂಡಿನ ದೇಹಕ್ಕೂ, ಯೋಗಿಯ ದೇಹಕ್ಕೂ ಸಮಾನ. ಅಶುಚಿಯ ದೇಹಕ್ಕೆ ಯೋಗವಿಲ್ಲವೆಂದಾದರೆ ಲೋಕದಲ್ಲಿ ಯಾರಿಗೂ ಯೋಗವಿಲ್ಲ. ಯೋಗಕ್ಕೆ ಬರುವ ಒಂಬತ್ತು ವಿಘ್ನಗಳನ್ನು ಪತಂಜಲಿಗಳು ಎಣಿಸಿದ್ದಾರೆ. ವ್ಯಾಧಿ, ಆಲಸ್ಯ, ಸಂಶಯ ಮೊದಲಾದವು ಅಲ್ಲಿವೆ; ಋತುಕಾಲ ಅಲ್ಲಿಲ್ಲ.

ಹದಿನೈದನೆಯ ಶತಮಾನದ ಹಠಯೋಗಪ್ರದೀಪಿಕೆಯಲ್ಲಿ ಸ್ವಾತ್ಮಾರಾಮನು ಯುವಕನಿಗೂ ಮುದುಕನಿಗೂ ರೋಗಿಗೂ ದುರ್ಬಲನಿಗೂ ಅಭ್ಯಾಸದಿಂದ ಸಿದ್ಧಿಯುಂಟೆಂದು ಸಾರಿದ್ದಾನೆ. ಮೂರನೆಯ ಉಪದೇಶದಲ್ಲಿ ಯೋಗಿನಿಯ ಪ್ರಸ್ತಾಪವೂ ಬರುತ್ತದೆ. ಮುಟ್ಟಿನ ದಿನ ಆಸನ ಮಾಡಬಾರದೆಂಬ ವಾಕ್ಯ ಅಲ್ಲಿಲ್ಲ. ನಿಜ ಹೇಳಬೇಕೆಂದರೆ, ಅದನ್ನು ಅನುಮತಿಯೆಂದೂ ತಿಳಿಯುವಂತಿಲ್ಲ. ಅಭ್ಯಾಸದ ಆರಂಭದಲ್ಲಿ ಸ್ತ್ರೀಸಂಗವನ್ನು ಬಿಡಬೇಕೆಂದು ಸಾಧಕನಿಗೆ ಹೇಳುವ ಆ ಗ್ರಂಥವು ಮುಖ್ಯವಾಗಿ ಗಂಡಸರನ್ನು ಕುರಿತು ಬರೆದದ್ದು. ಹೆಣ್ಣಿನ ದೇಹದ ವಿಚಾರ ಅದರ ಮುಂದೆ ಇರಲೇ ಇಲ್ಲ. ಹಾಗೆಂದು ಹೆಣ್ಣಿಗೆ ಯೋಗದ ಅಧಿಕಾರವೇ ಇಲ್ಲವೆನ್ನಲೂ ಬಾರದು. ಯೋಗಯಾಜ್ಞವಲ್ಕ್ಯವೆಂಬ ಗ್ರಂಥದಲ್ಲಿ ಯಾಜ್ಞವಲ್ಕ್ಯರು ಅಷ್ಟಾಂಗಯೋಗವನ್ನು ಉಪದೇಶಿಸುವುದು ಗಾರ್ಗಿಗೆ.

ಈಗ ಶರಣರ ಕಾಲಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಪಂಚಸೂತಕಗಳನ್ನು ಅಲ್ಲಗಳೆದರು. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಇವು ಐದು. ಈ ಪಟ್ಟಿಯಲ್ಲಿ ರಜಸ್ಸೂತಕವೂ ಜಾತಿಸೂತಕವೂ ಒಟ್ಟಿಗೆ ಇರುವುದು ಆಕಸ್ಮಿಕವಲ್ಲ. ಹೊಲೆಯೆಂಬ ಒಂದೇ ಶಬ್ದದಿಂದ ಹೆಣ್ಣನ್ನೂ ಕುಲವನ್ನೂ ಹೊರಗಿಟ್ಟ ವ್ಯವಸ್ಥೆಯ ಬೇರು ಬಸವಣ್ಣನವರ ಕಣ್ಣಿಗೆ ಬಿದ್ದಿತ್ತು. ಕುಲವನ್ನು ಅಲ್ಲಗಳೆಯುವ ಅವರ ಪ್ರಸಿದ್ಧ ವಚನವೊಂದು ಆರಂಭವಾಗುವುದೇ ಇಲ್ಲಿಂದ. ನೀವು ಯಾವುದನ್ನು ಹೊಲೆಯೆನ್ನುವಿರೋ ಅದಿಲ್ಲದೆ ಗರ್ಭದ ಪಿಂಡಕ್ಕೆ ನೆಲೆಯೇ ಇಲ್ಲ, ಎಲ್ಲರೂ ಹುಟ್ಟಿದ್ದು ಅದರಿಂದಲೇ ಎಂಬುದು ಅದರ ತಾತ್ಪರ್ಯ. ಮುಟ್ಟು ಮೈಲಿಗೆಯಾದರೆ ಅದರ ಆಸರೆಯಲ್ಲಿ ಬೆಳೆದ ನಾವೆಲ್ಲ ಮೈಲಿಗೆ. ನಾವು ಮೈಲಿಗೆಯಲ್ಲವಾದರೆ ಮುಟ್ಟೂ ಮೈಲಿಗೆಯಲ್ಲ. ಮೂರನೆಯ ದಾರಿ ಇಲ್ಲ.

ಇದರ ಹಿಂದಿರುವ ತತ್ತ್ವ ಸರಳವಾದದ್ದು. ಗುಡಿಯ ದೇವರಾದರೆ ಬಾಗಿಲಿಗೆ ಬೀಗ ಹಾಕಿ ಹೆಣ್ಣನ್ನು ಹೊರಗೆ ನಿಲ್ಲಿಸಬಹುದು. ಇಷ್ಟಲಿಂಗವು ಅಂಗದ ಮೇಲೆಯೇ ಇರುವ ದೇವರು. ದೀಕ್ಷೆಯಾದ ಹೆಣ್ಣುಮಗಳು ಅದನ್ನು ಉಣ್ಣುವಾಗ ಉಡುವಾಗ ಮಲಗುವಾಗ ಕಳಚುವಂತಿಲ್ಲ. ಮುಟ್ಟಿನ ದಿನವೂ ಕಳಚುವಂತಿಲ್ಲ. ಮೈಮೇಲಿರುವ ದೇವರು ಆ ದಿನ ಅವಳನ್ನು ಬಿಟ್ಟು ಎಲ್ಲಿಗೆ ಹೋಗಬೇಕು? ಆದುದರಿಂದ ಲಿಂಗಾಂಗಿಯಾದ ಸ್ತ್ರೀಗೆ ರಜಸ್ಸೂತಕವಿಲ್ಲ. ಸಂಸ್ಕೃತದ ಸಿದ್ಧಾಂತಶಿಖಾಮಣಿಯೂ ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಿಯೂ ಹೆರಿಗೆಯಲ್ಲಿಯೂ ಸೂತಕವಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸುವ ಶಿವಯೋಗಕ್ಕೆ ಹೆಣ್ಣುಮಗಳು ತಿಂಗಳ ಮೂವತ್ತು ದಿನವೂ ಅಧಿಕಾರಿ. ಅಕ್ಕಮಹಾದೇವಿ, ನೀಲಾಂಬಿಕೆ, ಮುಕ್ತಾಯಕ್ಕ, ಸತ್ಯಕ್ಕ ಮುಂತಾಗಿ ಮೂವತ್ತಕ್ಕೂ ಮಿಕ್ಕಿ ವಚನಕಾರ್ತಿಯರು ಆ ಕಾಲದಲ್ಲಿ ಮೂಡಿಬಂದುದಕ್ಕೆ ಈ ಅಧಿಕಾರವೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ. ತಿಂಗಳಿಗೆ ಮೂರು ದಿನ ದೇವರಿಂದ ದೂರವಿರಬೇಕಾದವಳು ದೇವರೊಡನೆ ಅಷ್ಟು ಸಲಿಗೆಯಿಂದ ಮಾತನಾಡುವುದು ಕಷ್ಟ.

ಇದು ಪುಸ್ತಕದ ಮಾತಾಗಿ ಮಾತ್ರ ಉಳಿಯಲಿಲ್ಲ. 1792ರಿಂದ 1823ರವರೆಗೆ ಮೈಸೂರು ಸೀಮೆಯೇ ಮೊದಲಾದ ಕಡೆಗಳಲ್ಲಿದ್ದ ಫ್ರೆಂಚ್ ಪಾದ್ರಿ ಅಬೆ ದುಬಾಯಿಸನು, ಲಿಂಗವಂತರು ಹೆಂಗಸರ ಮುಟ್ಟಿನ ಮೈಲಿಗೆಯನ್ನಾಗಲಿ ಸಾವಿನ ಮೈಲಿಗೆಯನ್ನಾಗಲಿ ಎಣಿಸುವುದಿಲ್ಲವೆಂದು ಬರೆದಿಟ್ಟಿದ್ದಾನೆ. ಮೈಲಿಗೆ ತೊಳೆಯಲು ಹೊಳೆ ಹುಡುಕುವ ಗೊಡವೆ ಲಿಂಗವಂತರಿಗಿಲ್ಲವೆಂದು ನೆರೆಹೊರೆಯವರು ಗಾದೆ ಕಟ್ಟಿದ್ದರೆಂದೂ ತಿಳಿಸಿದ್ದಾನೆ. ಅವರು ಹಾಸ್ಯಕ್ಕೆ ಹೇಳಿದ್ದು ನಮಗೆ ಪ್ರಶಸ್ತಿಪತ್ರವೇ ಆಗಿತ್ತು. ಆದರೆ ಇಂದು? ವಿಭೂತಿ ಧರಿಸಿದ ಮನೆಗಳಲ್ಲಿಯೇ ಆ ದಿನಗಳಲ್ಲಿ ಪೂಜೆ ಬಿಡುವ, ಅಡಿಗೆಮನೆಗೆ ಬರಗೊಡದ ರೂಢಿ ಸೇರಿಕೊಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಹೊರಗೆ ಹಾಕಿದ ಸೂತಕ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಕುಳಿತಿದೆ.

ಅದಂತಿರಲಿ. ಇಂದು ಜನರು ಯೋಗವೆಂದು ಕರೆಯುವ ಆಸನಾಭ್ಯಾಸದ ಚರಿತ್ರೆಗೂ ನಮ್ಮ ನಾಡೇ ತವರು. ಚಿತ್ರದುರ್ಗ ಜಿಲ್ಲೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ ಯೋಗಮಕರಂದ 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. 1938ರಲ್ಲಿ ತೆಗೆದ ಚಲನಚಿತ್ರದಲ್ಲಿ ಅವರ ಧರ್ಮಪತ್ನಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಆಸನ ಹಾಕುವುದನ್ನು ಕಾಣಬಹುದು. ಹೆಣ್ಣಿಗೆ ಯೋಗದ ಬಾಗಿಲು ಹೀಗೆ ತೆರೆದ ಮೇಲೆ ಮುಟ್ಟಿನ ಪ್ರಶ್ನೆ ಏಳಲೇಬೇಕಾಯಿತು. ಅವರ ಶಿಷ್ಯರಲ್ಲಿ ಹಾಸನ ಜಿಲ್ಲೆಯ ಪಟ್ಟಾಭಿ ಜೋಯಿಸರ ಪರಂಪರೆಯಲ್ಲಿ ಮೊದಲ ಮೂರು ದಿನ ಪೂರ್ಣ ವಿಶ್ರಾಂತಿ. ಮೈಸೂರಿಗೆ ಕಲಿಯಲು ಬಂದ ವಿದೇಶದ ವಿದ್ಯಾರ್ಥಿನಿಯರು ಇದನ್ನು ಲೇಡೀಸ್ ಹಾಲಿಡೇ ಎಂದು ಕರೆದರು. ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1966ರ ತಮ್ಮ ಲೈಟ್ ಆನ್ ಯೋಗ ಗ್ರಂಥದಲ್ಲಿ ಆ ದಿನಗಳಲ್ಲಿ ಆಸನ ಬೇಡವೆಂದರೂ, ಸ್ರಾವ ಅತಿಯಾದಾಗ ಬದ್ಧಕೋಣಾಸನ, ಉಪವಿಷ್ಟಕೋಣಾಸನ, ವೀರಾಸನ ಮೊದಲಾದವು ಹಿತವೆಂದರು. ಶೀರ್ಷಾಸನ ಮಾತ್ರ ಸರ್ವಥಾ ಕೂಡದೆಂದರು. ಅವರ ಮಗಳು ಗೀತಾ ಅಯ್ಯಂಗಾರ್ ಅವರು 1983ರಲ್ಲಿ ಇಂಗ್ಲಿಷಿನಲ್ಲಿ ಬಂದ ತಮ್ಮ ಗ್ರಂಥವನ್ನು ಸ್ತ್ರೀಯರಿಗಾಗಿಯೇ ಬರೆದರು. ಆ ದಿನಗಳಿಗೆ ಒಪ್ಪುವ ಆಸನಗಳ ಕ್ರಮವನ್ನು ಅವರು ರೂಪಿಸಿ ಕಲಿಸಿದರು: ದಿಂಬಿನ ಆಸರೆಯಲ್ಲಿ ಮಲಗಿ ಮಾಡುವವು, ತಲೆಗೆ ಆಧಾರ ಕೊಟ್ಟು ಮುಂದೆ ಬಾಗುವವು. ಮಾಡಬಾರದು ಎಂಬಲ್ಲಿಂದ ಏನು ಮಾಡಬಹುದು ಎಂಬಲ್ಲಿಗೆ ವಿಚಾರ ಮುಂದುವರಿದದ್ದು ಹೆಣ್ಣೇ ಲೇಖನಿ ಹಿಡಿದಾಗ ಎಂಬುದನ್ನು ಗಮನಿಸಿರಿ.

ಶೀರ್ಷಾಸನ ಏಕೆ ಬೇಡ? ಯೋಗದ ಪರಿಭಾಷೆಯಲ್ಲಿ ಹೇಳುವ ಕಾರಣ ಅಪಾನವಾಯು. ಅದರ ಗತಿ ಕೆಳಮುಖ. ಆ ದಿನಗಳಲ್ಲಿ ಅದಕ್ಕೆ ಅಡ್ಡಿಯಾಗಬಾರದು. ಮೂಲಬಂಧ, ಉಡ್ಡಿಯಾನಬಂಧಗಳನ್ನು ಬಿಡಿಸುವುದೂ ಇದರಿಂದಲೇ. ಈಚೆಗೆ ಇದಕ್ಕೆ ವೈದ್ಯಕೀಯದ ಅಂಗಿ ತೊಡಿಸಿದರು. 1927ರಲ್ಲಿ ಸ್ಯಾಂಪ್ಸನ್ ಎಂಬ ಅಮೆರಿಕದ ವೈದ್ಯನು, ಮುಟ್ಟಿನ ರಕ್ತ ಹಿಮ್ಮುಖವಾಗಿ ಹೊಟ್ಟೆಯೊಳಕ್ಕೆ ಹರಿಯುವುದರಿಂದ ಎಂಡೊಮೆಟ್ರಿಯೋಸಿಸ್ ಎಂಬ ರೋಗ ಬರುತ್ತದೆಂದು ಪ್ರತಿಪಾದಿಸಿದ. ತಲೆಕೆಳಗಾದರೆ ರಕ್ತ ಹಿಂದಕ್ಕೆ ಹರಿದೀತೆಂದು ಯೋಗಶಿಕ್ಷಕರು ಹೆದರಿದರು. ಆದರೆ ಸ್ವಲ್ಪ ರಕ್ತ ಹಿಂದಕ್ಕೆ ಸರಿಯುವುದು ಶೀರ್ಷಾಸನವನ್ನು ಕಾಣದ ಬಹುಪಾಲು ಸ್ತ್ರೀಯರಲ್ಲಿಯೂ ಇದೆಯೆಂದು ಆಮೇಲಿನ ಪರೀಕ್ಷೆಗಳಲ್ಲಿ ಕಂಡುಬಂದಿತು. ರೋಗ ಬರುವುದು ನೂರಕ್ಕೆ ಸುಮಾರು 10 ಜನರಿಗೆ. ಗರ್ಭಕೋಶವು ಕೊಡ ಬಗ್ಗಿಸಿದಂತೆ ಖಾಲಿಯಾಗುವುದಿಲ್ಲ. ತನ್ನ ಸ್ನಾಯುವಿನ ಬಲದಿಂದ ಹಿಂಡಿ ಹೊರಹಾಕುತ್ತದೆ. ಭೂಮಿಯ ಸೆಳೆತವೇ ಅನುಭವಕ್ಕೆ ಬಾರದ ಅಂತರಿಕ್ಷದಲ್ಲಿಯೂ ಸ್ತ್ರೀಯರು ಎಂದಿನಂತೆ ಮುಟ್ಟಾಗುತ್ತಾರೆ. ಶೀರ್ಷಾಸನದಿಂದ ಆ ರೋಗ ಬಂದಿತೆಂಬುದಕ್ಕೆ ಆಧಾರವಿಲ್ಲ.

ಹಾಗಾದರೆ ಈ ದೀರ್ಘ ಚರಿತ್ರೆಯಲ್ಲಿ ನಡೆದದ್ದೇನು? ಬೇಡ ಎಂಬ ಮಾತು ಒಂದೇ. ಅದಕ್ಕೆ ಕೊಟ್ಟ ಕಾರಣ ಯುಗಕ್ಕೊಂದು. ಒಮ್ಮೆ ಇಂದ್ರನ ಪಾಪ, ಒಮ್ಮೆ ಗರ್ಭದ ಪಥ್ಯ, ಒಮ್ಮೆ ಅಪಾನದ ಗತಿ, ಕೊನೆಗೆ ಭೂಮಿಯ ಸೆಳೆತ. ಕಾರಣಗಳು ಬದಲಾಗುತ್ತ ನಿಷೇಧ ಮಾತ್ರ ನಿಂತೇ ಇದ್ದರೆ, ಅದು ನಿಂತಿರುವುದು ಕಾರಣದ ಮೇಲಲ್ಲ, ರೂಢಿಯ ಮೇಲೆ ಎಂದು ತಿಳಿಯಬೇಕು. ಆದರೆ ರೂಢಿಯ ಸಿಪ್ಪೆ ಸುಲಿದ ಮೇಲೂ ಒಳಗೆ ಒಂದು ತಿರುಳು ಉಳಿಯುತ್ತದೆ, ಅದು ವಿಶ್ರಾಂತಿ. ಅದನ್ನು ಎಸೆಯಬಾರದು.

ನಮ್ಮ ಕಡೆ ಒಕ್ಕಲಿಗರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಮೈಲಿಗೆಯಾಯಿತೆಂದೇ? ಅಲ್ಲ. ದುಡಿಯುವ ಜೀವ, ಬಸವ ಸ್ವರೂಪ, ಒಂದು ದಿನ ದಣಿವಾರಲಿ ಎಂದು. ಅಂದು ಅದಕ್ಕೆ ಮೈ ತೊಳೆದು ಮೇವು ಹಾಕುತ್ತಾರೆ, ಊರಾಚೆಗೆ ಅಟ್ಟುವುದಿಲ್ಲ. ಎತ್ತಿಗೆ ತೋರಿದ ಈ ವಿವೇಕವನ್ನು ಮನೆಯ ಹೆಣ್ಣುಮಗಳಿಗೆ ತೋರಲಾರೆವೇ? 2025ರಲ್ಲಿ ಕರ್ನಾಟಕದ ಸಚಿವ ಸಂಪುಟವು ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಬಿಡುವು ಮಾನದಿಂದ ಬರಬೇಕೆಂಬುದೇ ಅದರ ಅರ್ಥ. ಇದೇ ನಾಡಿನಲ್ಲಿ, 2023ರ ಜುಲೈ ತಿಂಗಳಲ್ಲಿ, ತುಮಕೂರಿನ ಸಮೀಪದ ಒಂದು ಹಟ್ಟಿಯಲ್ಲಿ ಸೂತಕವೆಂದು ಊರ ಹೊರಗಿನ ಗುಡಿಸಲಿನಲ್ಲಿಟ್ಟ ಬಾಣಂತಿಯ ಹಸುಗೂಸು ಮಳೆಚಳಿಯಲ್ಲಿ ಅಸುನೀಗಿತು. ಸೂತಕವು ಬರಿಯ ನಂಬಿಕೆಯಲ್ಲ; ಅದು ಜೀವ ತೆಗೆಯಬಲ್ಲದು.

ಕೊನೆಗೆ ತಾಯಂದಿರ ಪ್ರಶ್ನೆಗೆ ನೇರವಾದ ಉತ್ತರ. ಲಿಂಗಪೂಜೆ, ಜಪ, ಧ್ಯಾನ ಇವುಗಳಿಗೆ ಮುಟ್ಟಿನ ಅಡ್ಡಿ ಇಲ್ಲವೇ ಇಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಎಂದಿನಂತೆ ಪೂಜೆಗೆ ಕೂಡಿರಿ. ಕೂಡಲಾರದಷ್ಟು ನೋವಿದ್ದರೆ ಮಲಗಿಯೇ ಸ್ಮರಣೆ ಮಾಡಿರಿ. ಲಿಂಗವನ್ನು ಮಾತ್ರ ಮೈಯಿಂದ ತೆಗೆಯಬೇಡಿರಿ. ಪ್ರಾಣಾಯಾಮದಲ್ಲಿ ಸಾವಕಾಶವಾದ ಉಸಿರಾಟ ಹಿತ; ಕಪಾಲಭಾತಿ, ಭಸ್ತ್ರಿಕೆ, ಬಂಧಗಳು, ದೀರ್ಘ ಕುಂಭಕ ಆ ಮೂರು ದಿನ ಬೇಡ. ಆಸನಗಳಲ್ಲಿ ಬದ್ಧಕೋಣಾಸನ, ಮಲಗಿ ಮಾಡುವ ಆಸನಗಳು, ಮೆಲ್ಲನೆ ಮುಂದೆ ಬಾಗುವುದು, ಶವಾಸನ ಇವು ಸಾಕು. ಶೀರ್ಷಾಸನ ಸರ್ವಾಂಗಾಸನಗಳನ್ನು ಬಿಟ್ಟರೆ ನಷ್ಟವೇನಿಲ್ಲ. ಗೊತ್ತಿಲ್ಲದೆ ಮಾಡಿದ್ದರೆ ಹೆದರಬೇಕಾದುದೂ ಇಲ್ಲ. ನೋವಿಲ್ಲದೆ ಹುರುಪಿನಿಂದಿರುವ ಹುಡುಗಿ ಎಂದಿನ ಅಭ್ಯಾಸ ಮಾಡಿದರೆ ತಡೆಯಬೇಡಿರಿ. ಬಳಲಿದವಳನ್ನು ಸ್ಪರ್ಧೆಯ ಹೆಸರಿನಲ್ಲಿ ಎಬ್ಬಿಸಬೇಡಿರಿ. ದೇಹ ಅವಳದು, ಅದರ ಮಾತು ಅವಳಿಗೇ ಕೇಳಿಸುವುದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ 30–40 ಮಿಲಿಲೀಟರಿನಷ್ಟು. 80 ಮೀರಿದರೆ ಅತಿಯೆಂದು ವೈದ್ಯರು ಹೇಳುತ್ತಾರೆ. ಏಳು ದಿನ ದಾಟಿದರೆ, ಗಂಟೆಗೊಮ್ಮೆ ಬಟ್ಟೆ ಬದಲಿಸುವಂತಾದರೆ, ನಿಂತುಹೋದ ಮೇಲೆ ಮತ್ತೆ ಕಂಡರೆ, ನೋವಿನಿಂದ ಏಳಲಾರದಂತಾದರೆ ಆಸನವನ್ನು ನಂಬಿ ಕೂಡಬೇಡಿರಿ. ವೈದ್ಯರನ್ನು ಕಾಣಿರಿ. ನಾಚಿಕೆಯಿಂದ ಮುಚ್ಚಿಟ್ಟ ರೋಗ ಯೋಗದಿಂದ ವಾಸಿಯಾಗುವುದಿಲ್ಲ.

ಗಂಡಸರಿಗೂ ಒಂದು ಮಾತು. ಮಗಳು ಮೊದಲ ಸಲ ಋತುಮತಿಯಾದ ದಿನ ನೀವು ಮನೆಯಲ್ಲಿ ಏನು ಹೇಳುತ್ತೀರೋ ಅದನ್ನು ಅವಳು ಜೀವಮಾನವಿಡೀ ನೆನಪಿಡುತ್ತಾಳೆ. ಅಂದು ಅವಳಿಗೆ ಚಾಪೆಯನ್ನೂ ತಂಬಿಗೆಯನ್ನೂ ಬೇರೆ ಮಾಡಿಕೊಡುವಿರೋ, ಅಥವಾ ಅಂಗೈಯಲ್ಲಿ ಲಿಂಗವನ್ನಿಟ್ಟು ಎಂದಿನಂತೆ ಪೂಜೆಗೆ ಕೂಡಿಸುವಿರೋ ನೀವೇ ನಿರ್ಧರಿಸಿರಿ. ಬಸವಣ್ಣನವರ ಹೆಸರು ಹೇಳುವ ಮನೆಗೆ ಯಾವುದು ತಕ್ಕದ್ದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.